ಶಾಲೆ ಬಿಟ್ಟ ಕಾರಣ

ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೊರಟರೆ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಎರೆ ಹೊಲ. ಗುಡ್ಡವಿಲ್ಲ, ಗಿಡ ಕಡಿಮೆ. ಹಾಗಾಗಿ ಯಾವ ಊರು ಬಂದರೂ ಊರಿಗಿಂತ ಮೊದಲು ಗುಡಿಯ ಶಿಖರ, ಮಸೀದಿಯ ಮಿನಾರು, ನೀರಿನ ಟಾಕಿ ಕಾಣುತ್ತವೆ. ಇನ್ನಷ್ಟು ಹತ್ತಿರ ಹೋದರೆ ಊರ ಅಂಚಿನಲ್ಲಿ ಮಂಗಳೂರು ಹಂಚಿನ ಒಂದು ಉದ್ದನೆಯ ಕಟ್ಟಡ, ಅರ್ಧ ಹಂಚು ಇದೆ, ಅರ್ಧ ಇಲ್ಲ. ಅದು ಹಳೇ ಸಾಲಿ. ಈಗ ಅದೊಂದು ವಿಳಾಸ ಮಾತ್ರ. "ಹಳೇ ಸಾಲಿ ಹಿಂದ ನಮ್ಮ ಮನಿ" ಅನ್ನುತ್ತಾರೆ, "ಬಸ್ಸು ಹಳೇ ಸಾಲಿ ಮುಂದ ನಿಂದರತೈತಿ" ಅನ್ನುತ್ತಾರೆ. ಒಳಗೆ ಹೋಗುವ ಕೆಲಸ ಯಾರಿಗೂ ಇಲ್ಲ. ಮೇವು ಒಟ್ಟುವವರು, ಇಸ್ಪೀಟು ಆಡುವವರು ಮತ್ತು ನಾನು ಹೋಗುತ್ತೇವೆ.

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ ಅಂಟಿಕೊಂಡ ಚಟ ಇದು. ಪಾಠ ನಿಂತುಹೋದ ಶಾಲೆ ಎಲ್ಲಿದೆ ಎಂದು ತಿಳಿದರೆ ಮೋಟರ್ ಸೈಕಲ್ ಹತ್ತಿ ಹೋಗಿಬಿಡುತ್ತೇನೆ. ಮನೆಯವರಿಗೆ ಇದು ಅರ್ಥವಾಗಿಲ್ಲ. "ಮೂವತ್ತು ವರ್ಷ ಸಾಲ್ಯಾಗ ಇದ್ದದ್ದು ಸಾಲಲಿಲ್ಲೇನು?" ಎಂದು ಹೆಂಡತಿ ಕೇಳುತ್ತಾಳೆ. ನಡೆಯುತ್ತಿರುವ ಶಾಲೆಯೊಳಗೆ ಮಾಸ್ತರನಿಗೆ ಶಾಲೆ ಕಾಣುವುದಿಲ್ಲ, ಮಕ್ಕಳು ಮತ್ತು ವರದಿಗಳು ಮಾತ್ರ ಕಾಣುತ್ತವೆ ಎಂದು ಅವಳಿಗೆ ಹೇಳಿ ನೋಡಿದೆ. ಒಪ್ಪಲಿಲ್ಲ.

ಊರಿನ ದುಡ್ಡು ಹೋಯಿತು, ಅದರ ಹಿಂದೆ ಶಾಲೆಯೂ ಹೋಯಿತು ಎಂದು ಹೊರಗಿನಿಂದ ಬಂದವರು ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮ ಭಾಗದ ಮಟ್ಟಿಗೆ ಅದು ಪೂರ್ತಿ ನಿಜವಲ್ಲ ಎಂಬುದಕ್ಕೆ ಈ ಗೋಡೆಗಳ ನಡುವೆಯೇ ಪುರಾವೆ ಇದೆ. ಅದನ್ನು ಹೇಳಬೇಕಾದರೆ ಹತ್ತಿಯಿಂದಲೇ ಆರಂಭಿಸಬೇಕು.

ಕನ್ನಡ ಓದಿದವರಿಗೆ ಅಣ್ಣಿಗೇರಿ ಎಂದರೆ ಪಂಪ, ಅಮೃತೇಶ್ವರನ ಗುಡಿ. ನಮ್ಮ ಅಪ್ಪನ ಪೀಳಿಗೆಗೆ ಅಣ್ಣಿಗೇರಿ ಎಂದರೆ ಹತ್ತಿ ಅಂಡಿಗೆ. ಈ ವ್ಯಾಪಾರದ ಬೇರು ಹಳೆಯದು. 1840ರ ದಶಕದಲ್ಲಿ ಧಾರವಾಡದ ಕಲೆಕ್ಟರನಾಗಿದ್ದ ಷಾ ಎಂಬವನು ಅಮೆರಿಕದ ಬೀಜ ತರಿಸಿ ರೈತರ ಕೈಯಲ್ಲಿ ಬಿತ್ತಿಸಿದ. ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಮರ್ಸರ್ ಎಂಬ ಅಮೆರಿಕದ ತೋಟಗಾರ ಪ್ರಯೋಗದ ಹೊಲ ಮಾಡಿದ್ದ. ಆ ಬೀಜದಿಂದ ಬಂದ ಹತ್ತಿಗೆ ಪೇಟೆಯಲ್ಲಿ 'ಧಾರವಾಡ-ಅಮೆರಿಕನ್' ಎಂಬ ಹೆಸರು ನಿಂತಿತು. ಜವಾರಿ ಹತ್ತಿ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ ಅದು 'ಕುಮ್ಟಾ' ಆಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ ನಮ್ಮ ಎರೆ ಭೂಮಿಗೆ ಮೊದಲ ಸುಗ್ಗಿ ಬಂತು. ಯುದ್ಧ ಮುಗಿದ ಕೂಡಲೇ ಧಾರಣಿ ಬಿತ್ತು. ಏರಿದ್ದು ಇಳಿಯುತ್ತದೆ ಎಂಬ ಪಾಠವನ್ನು ಈ ನೆಲ ಅಷ್ಟು ಹಿಂದೆಯೇ ಕಲಿತಿತ್ತು. ಕಲಿತು ಮರೆತಿತ್ತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂತು. ಹುಬ್ಬಳ್ಳಿ-ಗದಗ ನಡುವಿನ ಅಣ್ಣಿಗೇರಿಗೆ ಸ್ಟೇಷನ್ ಸಿಕ್ಕಿತು. ಘಟ್ಟ ಇಳಿಯುವ ಗಾಡಿಗಳು ನಿಂತವು. ದಲಾಲರ ಹಿಡಿತದಿಂದ ರೈತರನ್ನು ಬಿಡಿಸಲೆಂದು 1915ರಲ್ಲಿ ಹುಬ್ಬಳ್ಳಿಯಲ್ಲಿ, 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘಗಳು ಹುಟ್ಟಿದವು. ದೇಶದಲ್ಲೇ ಮೊಟ್ಟಮೊದಲ ಮಾರಾಟ ಸಹಕಾರ ಸಂಘಗಳ ಸಾಲಿನಲ್ಲಿ ಇವುಗಳ ಹೆಸರಿದೆ. ದುಡ್ಡು ಓಡಾಡಿದಲ್ಲಿ ಶಾಲೆ ಬಂತು. ಮರಾಠಿಯದೇ ದರ್ಬಾರು ನಡೆದಿದ್ದ ಮುಂಬಯಿ ಪ್ರಾಂತದ ಈ ಮೂಲೆಯಲ್ಲಿ ಕನ್ನಡ ಶಾಲೆ ತೆರೆಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲೇ ದುಡಿದಿದ್ದರು. ಮುಂದೆ ಕಟ್ಟಡಗಳಿಗೆ ಒಂದಿಷ್ಟು ಸ್ಕೂಲ್ ಬೋರ್ಡು, ಒಂದಿಷ್ಟು ಊರಿನವರು ಕೊಟ್ಟರು. ಊರಿನವರು ಎಂದರೆ ಹೆಚ್ಚಾಗಿ ಹತ್ತಿ ಮಾರಿದವರು, ಹತ್ತಿ ಕೊಂಡವರು.

ನನ್ನ ಊರಿನ ಶಾಲೆಯೂ ಅಂಥದ್ದೇ. ಬಾಗಿಲಿನ ಮೇಲೆ ಇಂದಿಗೂ ಒಂದು ಕರಿಕಲ್ಲು ಇದೆ. ದಾನಿಗಳ ಹೆಸರು, ಕೊಟ್ಟ ರೂಪಾಯಿ, ಆಣೆ. ಅರ್ಧಕ್ಕಿಂತ ಹೆಚ್ಚು ಹೆಸರುಗಳ ಮುಂದೆ 'ಹತ್ತಿ ವ್ಯಾಪಾರಸ್ಥರು' ಎಂದಿದೆ. ಎರೆ ಮಣ್ಣಿನಲ್ಲಿ ಕಟ್ಟಡ ಕಟ್ಟುವುದು ಸುಲಭವಲ್ಲ. ಮಳೆಗೆ ಆ ಮಣ್ಣು ಉಬ್ಬುತ್ತದೆ, ಬ್ಯಾಸಗಿಗೆ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮೇಲೆ ನಿಂತ ಗೋಡೆಯನ್ನೂ ತನ್ನ ಜೊತೆ ಎತ್ತಿ ಇಳಿಸುತ್ತದೆ. ಹಳೆಯ ಗೌಂಡಿಗಳು ಅದಕ್ಕೇ ಎರೆ ಪದರ ದಾಟಿ ಕೆಳಗಿನ ಗರಸು ಸಿಗುವವರೆಗೆ ತಳಪಾಯ ಅಗೆದು, ಕಲ್ಲು ಮತ್ತು ಸುಣ್ಣದ ಗಚ್ಚಿನಲ್ಲಿ ಮೇಲೆ ಬಂದಿದ್ದಾರೆ. ಆ ಗೋಡೆಗಳು ಈಗಲೂ ಗುಂಡಿನಂತೆ ಗಟ್ಟಿ. ಬಿದ್ದದ್ದು ಮಾಡು ಮಾತ್ರ. ಪಕ್ಕದಲ್ಲಿ ಎಷ್ಟೋ ವರ್ಷ ಆಮೇಲೆ ಕಟ್ಟಿದ ಸಿಮೆಂಟಿನ ಕೋಣೆಗಳು ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳಿ, ಹಳೇ ಸಾಲಿಗಿಂತ ಮೊದಲೇ 'ಶಿಥಿಲ' ಎನಿಸಿಕೊಂಡಿವೆ.

ನಾಕನೇತ್ತೆ ಕೋಣೆಯ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದ ಭೂಪಟ ಇನ್ನೂ ಇದೆ. ಮೇಲೆ 'ಮೈಸೂರು ರಾಜ್ಯ' ಎಂದಿದೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ತಿದ್ದಿಸುವವರು ಯಾರೂ ಬರಲಿಲ್ಲ. ಅದರಲ್ಲಿ ನಮ್ಮ ಜಿಲ್ಲೆಯ ಬಣ್ಣ ತಿಳಿ ಗುಲಾಬಿ. ಗದಗ, ಹಾವೇರಿ ಬೇರೆಯಾಗುವ ಮೊದಲಿನ ಧಾರವಾಡ ಅದು, ಕೆಳಗೆ ತುಂಗಭದ್ರೆಯವರೆಗೆ ಚಾಚಿಕೊಂಡಿದೆ. ಅಣ್ಣಿಗೇರಿ, ನಮ್ಮೂರು ಇರುವ ಜಾಗದಲ್ಲಿ ಬಣ್ಣ ಪೂರ್ತಿ ಹಾರಿ ಗಚ್ಚು ಕಾಣುತ್ತದೆ. ಮಾಸ್ತರರು "ನಮ್ಮೂರು ಎಲ್ಲೈತಿ ತೋರಸ್ರಿ" ಎಂದಾಗಲೆಲ್ಲ ಸಾಲು ಸಾಲು ಹುಡುಗರು ಬೆರಳಿಟ್ಟು ಒತ್ತಿದ ಜಾಗ ಅದು. ನನ್ನ ಬೆರಳೂ ಅದರಲ್ಲಿ ಸೇರಿದೆ.

ಆ ಕೋಣೆಯಲ್ಲಿ ನಾನು ಕುಳಿತಿದ್ದ ಕಾಲದಲ್ಲಿ ನಮ್ಮೂರಿನ ಹೊಲದಲ್ಲಿ ಇದ್ದದ್ದು ಜಯಧರ ಹತ್ತಿ. ಮುಂಗಾರಿ ಹೆಸರು ಕಿತ್ತ ಮೇಲೆ ಬಿತ್ತುತ್ತಿದ್ದರು. ನೀರು ಬೇಡ, ಔಷಧಿ ಬೇಡ, ಎರೆಯ ಹಸಿಯಲ್ಲೇ ನಿಧಾನವಾಗಿ ಬೆಳೆದು ಶಿವರಾತ್ರಿ ಹೊತ್ತಿಗೆ ಒಡೆಯುತ್ತಿತ್ತು. ಬಿಡಿಸುವ ಕೆಲಸ ಯುಗಾದಿ ದಾಟುವವರೆಗೆ ನಡೆಯುತ್ತಿತ್ತು. ಅಂದರೆ ಸರಿಯಾಗಿ ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ. ಬೆಳಗಿನ ಹೊತ್ತು ಮಂಜಿನ ಹಸಿಗೆ ಎಲೆಯ ಚೂರು ಪುಡಿಯಾಗಿ ಅರಳೆಗೆ ಹತ್ತುವುದಿಲ್ಲ ಎಂದು ನಸುಕಿನಲ್ಲೇ ಹೊಲಕ್ಕೆ ಹೋಗಬೇಕು. ಉಡಿ ಕಟ್ಟಿಕೊಂಡ ಹೆಣ್ಣುಮಕ್ಕಳ ಸಾಲು ಶಾಲೆಯ ಮುಂದಿನ ದಾರಿಯಲ್ಲೇ ಹೊರಡುತ್ತಿತ್ತು. ಅದರಲ್ಲಿ ನಮ್ಮ ತರಗತಿಯ ಹುಡುಗಿಯರು ಇರುತ್ತಿದ್ದರು. ಗೆಳತಿಯರನ್ನು ಕಂಡು ನಗುತ್ತಿದ್ದರು. ಬಿಡಿಸಿದ್ದನ್ನು ತೂಗಿ ಲೆಕ್ಕ, ಕೂಲಿ ಅಂದಂದಿಗೆ. ಮನೆಗೆ ದುಡ್ಡು ಬರುವ ವರ್ಷದ ಒಂದೇ ಕಾಲ ಅದು.

1972ರಲ್ಲಿ ಎರಡು ಸಂಗತಿ ಕೂಡಿಬಂದವು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಮುಗಿಯಿತು, ಕಾಲುವೆ ನವಲಗುಂದ-ನರಗುಂದದ ಕಡೆ ಬರತೊಡಗಿತು. ಅದೇ ವರ್ಷ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿ ಅವರು ಸೃಷ್ಟಿಸಿದ 'ವರಲಕ್ಷ್ಮಿ' ಬಿಡುಗಡೆಯಾಯಿತು. ಅಮೆರಿಕದ ಜಾತಿಯ 'ಲಕ್ಷ್ಮಿ'ಯನ್ನು ಈಜಿಪ್ಟ್ ಹತ್ತಿಯ ಕುಲದ ತಳಿಯೊಡನೆ ಕೂಡಿಸಿ ಪಡೆದ ಹೈಬ್ರಿಡ್ ಅದು. ಇಂಥ ಎರಡು ಬೇರೆ ಜಾತಿಗಳನ್ನು ಕೂಡಿಸಿ ರೈತನ ಹೊಲಕ್ಕೆ ಬಂದ ಮೊದಲ ಹತ್ತಿ. ಎಳೆ ಉದ್ದ, ನಯ. ಗಿಡ ಎದೆಮಟ್ಟ. ಜಯಧರ ಬೆಳೆದವರು ಒಂದು ಎಕರೆಯಲ್ಲಿ ಕಂಡಿರದಷ್ಟು ಹತ್ತಿಯನ್ನು ವರಲಕ್ಷ್ಮಿ ಕೊಟ್ಟಿತು. ಊರಿನಲ್ಲಿ ಮೇಲ್ಮುದ್ದೆ ಮಣ್ಣಿನ ಮಾಳಿಗೆಗಳ ನಡುವೆ ಮೊದಲ ಆರ್‌ಸಿಸಿ ಮನೆ ಎದ್ದದ್ದು, ಮೊದಲ ಟ್ರ್ಯಾಕ್ಟರ್ ಬಂದದ್ದು, ಮದುವೆಗೆ ಹುಬ್ಬಳ್ಳಿಯಿಂದ ಬ್ಯಾಂಡು ಬಂದದ್ದು ಆ ವರ್ಷಗಳಲ್ಲಿ. 1981ರಲ್ಲಿ ಡಿಸಿಎಚ್-32 ಬಂತು. ಅದಕ್ಕೂ 'ಜಯಲಕ್ಷ್ಮಿ' ಎಂದೇ ಹೆಸರು. ಊರಿನಲ್ಲಿ ಲಕ್ಷ್ಮಿಯರು ಹೆಚ್ಚಾದ ಹೊತ್ತಿನಲ್ಲಿ ಸರಸ್ವತಿಗೆ ಏನಾಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಮಾಸ್ತರರು ಮಾತ್ರ ದಿನಾ ಹಾಜರಿಯಲ್ಲಿ ಬರೆದರು, ಬರೆಯುತ್ತಿದ್ದೇವೆ ಎಂದು ಗೊತ್ತಿಲ್ಲದೆ.

ಅಣ್ಣಿಗೇರಿ ಹೊರವಲಯದಲ್ಲಿ ಹತ್ತಿ ಜಿನ್ನಿನ ಕಾಂಪೌಂಡಿನೊಳಗೆ ಒಂದು ಶಾಲೆ ಇತ್ತು. ಹಮಾಲರ ಮಕ್ಕಳಿಗೆಂದು ಮಾಲೀಕರು ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ನನ್ನ ಸೋದರಮಾವ ಅಲ್ಲಿ ತೂಕದ ಕೆಲಸಕ್ಕಿದ್ದ, ಹೀಗಾಗಿ ರಜೆಗೆ ಹೋದಾಗ ಆ ಕೋಣೆಯಲ್ಲಿ ನಾನೂ ಕೂತದ್ದುಂಟು. ಕಿಟಕಿಗಳನ್ನು ತಲೆಯ ಮೇಲಿನ ಎತ್ತರಕ್ಕೆ ಇಟ್ಟಿದ್ದರು. ಎಳೆ ಒಳಗೆ ಹಾರಬಾರದು ಎಂದು. ಆದರೂ ಹಾರುತ್ತಿತ್ತು. ಪಾಟಿಯ ಮೇಲೆ, ರೆಪ್ಪೆಯ ಮೇಲೆ, ಬುತ್ತಿಯ ರೊಟ್ಟಿಯ ಮೇಲೆ ಬಿಳಿ ಧೂಳು. ಪಕ್ಕದ ಶೆಡ್ಡಿನಲ್ಲಿ ಡಬಲ್ ರೋಲರ್ ಜಿನ್ನುಗಳ ಸಾಲು. ತೊಗಲಿನ ಎರಡು ರೋಲರ್ ತಿರುಗುತ್ತ ಎಳೆಯನ್ನು ಕಚ್ಚಿ ಎಳೆಯುತ್ತವೆ, ಚೂರಿಯಂಥ ಪಟ್ಟಿಗೆ ತಡೆದು ಕಾಳು ಕೆಳಗೆ ಉದುರುತ್ತದೆ. ಒಂದೊಂದು ಯಂತ್ರದ ಮುಂದೆ ಒಬ್ಬೊಬ್ಬ ಹೆಂಗಸು ನಿಂತು ಕೈಯಿಂದ ಹತ್ತಿ ಉಣಿಸಬೇಕು. ಅರಳೆ ಪ್ರೆಸ್ಸಿಗೆ ಹೋಗಿ 170 ಕಿಲೋದ ಬೇಲ್ ಆಗುತ್ತಿತ್ತು. ಹತ್ತಿಕಾಳು ಎಣ್ಣೆಗೆ ಹೋಗುತ್ತಿತ್ತು, ಉಳಿದದ್ದು ಎಮ್ಮೆಗಳಿಗೆ. ಎಣ್ಣೆ ಗಾಣ, ಹಿಂಡಿ ಅಂಗಡಿ, ಗಾಡಿ ಅಡ್ಡೆ, ಖಾನಾವಳಿ ಎಲ್ಲ ಆ ಜಿನ್ನಿನ ಸುತ್ತ ಬೆಳೆದಿದ್ದವು.

ಆ ಶಾಲೆಯಲ್ಲಿ ಪಾಠ ಹೇಳುವವರು ಕೂಗಿಯೇ ಹೇಳಬೇಕಾಗಿತ್ತು. ಯಂತ್ರ ನಿಂತಾಗ ಅವರ ಕೂಗು ಕಾಂಪೌಂಡಿಗೆಲ್ಲ ಕೇಳುತ್ತಿತ್ತು, ಹಮಾಲರು ನಗುತ್ತಿದ್ದರು. ಸುಗ್ಗಿ ಜೋರಾದಾಗ ಎರಡು ಪಾಳಿ. ಆಗ ಮೂರನೇತ್ತೆ, ನಾಕನೇತ್ತೆಯ ಹುಡುಗಿಯರನ್ನು ಕಾಳು ಬಳಿಯಲು, ಕೂಸು ನೋಡಿಕೊಳ್ಳಲು ಶೆಡ್ಡಿಗೆ ಕರೆದೊಯ್ಯುತ್ತಿದ್ದರು. ಚೀಲದ ಜೋಳಿಗೆಯಲ್ಲಿ ತಮ್ಮನನ್ನು ತೂಗುತ್ತ, ಮಗ್ಗಿ ಒಪ್ಪಿಸುವ ಗೆಳತಿಯರ ದನಿಗೆ ದನಿಗೂಡಿಸುತ್ತ ಕುಳಿತ ಒಬ್ಬ ಹುಡುಗಿ ನನಗೆ ನೆನಪಿದ್ದಾಳೆ. ಹದಿಮೂರರ ಮಗ್ಗಿ ಅವಳಿಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಜಿನ್ನಿಗೆ ಕೆಲಸ ಕಡಿಮೆಯಾದ ತಿಂಗಳುಗಳಲ್ಲಿ ಆ ಕೋಣೆ ತುಂಬಿರುತ್ತಿತ್ತು. ಕೆಲಸ ಇದ್ದಾಗ ಖಾಲಿ. ಈಗ ಜಿನ್ನೂ ಇಲ್ಲ, ಕಾಂಪೌಂಡು ಪ್ಲಾಟುಗಳಾಗಿದೆ. ಕೋಣೆಯ ಮೂರು ಗೋಡೆ ಉಳಿದು ಒಂದನ್ನು ಯಾರೋ ಇಟ್ಟಂಗಿಗಾಗಿ ಬಿಚ್ಚಿದ್ದಾರೆ. ಮೇಲಿನ ಕಿಟಕಿಯ ಸರಳುಗಳಲ್ಲಿ ಮಾಸಿದ ಎಳೆ ಇನ್ನೂ ಸಿಕ್ಕಿಕೊಂಡಿದೆ, ಉಗುರಿನಿಂದ ಕೆರೆದರೆ ಬರುತ್ತದೆ.

ನಾನು ಮಾಸ್ತರನಾಗಿ ಮೊದಲು ಹೋದದ್ದು ರಾಣೇಬೆನ್ನೂರು ಕಡೆಯ ಒಂದು ಹಳ್ಳಿಗೆ. ಆಗ ಅದೂ ಧಾರವಾಡ ಜಿಲ್ಲೆಯೇ. ಅಲ್ಲಿ ಹತ್ತಿ ಬೆಳೆಯುತ್ತಿದ್ದದ್ದು ಅರಳೆಗಲ್ಲ, ಬೀಜಕ್ಕೆ. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು, ಪ್ರತಿ ಹೂವಿಗೂ ಕೈ ಮುಟ್ಟಬೇಕು. 'ಕ್ರಾಸಿಂಗ್' ಎಂದೇ ಎಲ್ಲರೂ ಕರೆಯುತ್ತಿದ್ದರು. ಮಧ್ಯಾಹ್ನ ಇಳಿದ ಮೇಲೆ, ಮರುದಿನ ಅರಳಲಿರುವ ಮೊಗ್ಗನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಪರಾಗದ ಕೇಸರಗಳನ್ನೂ ಒಂದೇ ಸುತ್ತಿಗೆ ಬಿಡಿಸಿ ತೆಗೆಯಬೇಕು. ನಡುವಿನ ಕಡ್ಡಿಗೆ ಉಗುರು ತಾಗಿದರೆ ಆ ಕಾಯಿ ಹೋಯಿತು. ಗುರುತಿಗೆ ಕೆಂಪು ಹಾಳೆಯ ಚೂರು ಮುಚ್ಚಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂ ತಂದು ಅದರ ಮೇಲೆ ಸವರಿ ದಾರ ಕಟ್ಟಬೇಕು. ಸಣ್ಣ ಬೆರಳು, ಚುರುಕು ಕಣ್ಣು, ಗಿಡದ ಎತ್ತರಕ್ಕೆ ಸರಿಹೋಗುವ ಮೈ ಬೇಕು. ಅವೆಲ್ಲ ಇದ್ದದ್ದು ನನ್ನ ತರಗತಿಯಲ್ಲಿ.

ಬೆಳಗಿನ ಕೆಲಸಕ್ಕೆ ಬೆಳಗಿನ ಪಾಠ ಹೋಯಿತು, ಮಧ್ಯಾಹ್ನದ ಕೆಲಸಕ್ಕೆ ಮಧ್ಯಾಹ್ನದ್ದು. ದಸರಾ ಸೂಟಿ ಮುಗಿದು ಬಾಗಿಲು ತೆರೆದರೆ ಗಂಡುಹುಡುಗರು ಕೆಲವರು, ಹೆಣ್ಣುಮಕ್ಕಳು ಬೆರಳೆಣಿಕೆ. ಕೂಲಿ ಚೆನ್ನಾಗಿತ್ತು. ಬೀಜದ ದುಡ್ಡು ಆ ಊರಿಗೆ ನೀರಿನಂತೆ ಹರಿಯುತ್ತಿತ್ತು, ಮತ್ತು ಶಾಲೆಗೆ ಹೊಸ ಕೋಣೆ, ಹೊಸ ಘಂಟೆ, ದೇಣಿಗೆಯ ಸರಸ್ವತಿ ಫೋಟೊ ಎಲ್ಲ ಅದೇ ವರ್ಷಗಳಲ್ಲಿ ಬಂದವು. ಪಾಲಕರ ಮನೆಗೆ ಹೋಗಿ ಕೇಳಿದರೆ ಯಾರೂ ಜಗಳವಾಡಲಿಲ್ಲ. ಚಹಾ ಕೊಟ್ಟರು. "ಎರಡು ತಿಂಗಳ ಬಿಡ್ರಿ ಮಾಸ್ತರ, ಆಮ್ಯಾಲೆ ಕಳಸ್ತೇವಿ" ಅಂದರು. ಎರಡು ತಿಂಗಳ ನಂತರ ಬಂದ ಹುಡುಗಿಗೆ ಓದಿನ ಜಾಡು ತಪ್ಪಿರುತ್ತಿತ್ತು. ಮುಂದಿನ ವರ್ಷ ಅವಳು ಹೆಸರಿಗೂ ಬರುತ್ತಿರಲಿಲ್ಲ. ಬಾಲಕಾರ್ಮಿಕರ ಕಾಯ್ದೆ 1986ರಲ್ಲೇ ಬಂದಿತ್ತು. ಅದು ಕಾರ್ಖಾನೆಯ ಬಾಗಿಲು ಕಾಯುತ್ತಿತ್ತು, ಹೊಲದ ಬದುವಿಗೆ ಬಂದಿರಲಿಲ್ಲ.

ಈ ಕಥೆಯಲ್ಲಿ ರೈತ ಖಳನಾಯಕನಲ್ಲ. ವರಲಕ್ಷ್ಮಿಯ ಲಾಭ ಎಷ್ಟು ದಿನ ಉಳಿಯಿತು ಎಂಬುದನ್ನು ನವಲಗುಂದದವರಿಗೆ ಹೇಳಬೇಕಿಲ್ಲ. ಬೀಜ, ಗೊಬ್ಬರ, ಔಷಧಿಯ ಖರ್ಚು ಏರಿತು. ಎಪ್ಪತ್ತರ ದಶಕದ ಕೊನೆಗೆ ಹತ್ತಿಯ ಧಾರಣಿ ಕುಸಿಯಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುವ ಮೊದಲೇ ನೀರಿನ ಕರ, ಅಭಿವೃದ್ಧಿ ಕರ ಎಂದು ನೋಟೀಸು ಮುಟ್ಟಿದವು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ತಹಸೀಲ್ದಾರ್ ಕಚೇರಿಗಳ ಮುಂದೆ ಸೇರಿದರು, ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಹುತಾತ್ಮರಾದರು. ರಾಜ್ಯದ ರೈತ ಚಳವಳಿ ಅಲ್ಲಿಂದ ಬೆಂಕಿ ಹಿಡಿಯಿತು. ಗುಂಡೂರಾವ್ ಸರ್ಕಾರ 1983ರಲ್ಲಿ ಹೋದದ್ದಕ್ಕೆ ಇದೂ ಒಂದು ಕಾರಣ ಎಂದು ನಮ್ಮ ಕಡೆ ಯಾವ ಕಟ್ಟೆಯ ಮೇಲೆ ಕೂತರೂ ಕೇಳಬಹುದು. ನಾನು ಆಗ ಧಾರವಾಡದಲ್ಲಿ ಓದುತ್ತಿದ್ದೆ. ಆ ವಾರ ಬಸ್ಸಿಲ್ಲದೆ ಊರಿಗೆ ಬರಲಾಗಲಿಲ್ಲ. ಬಂದಾಗ ಕಂಡ ಒಂದು ಸಂಗತಿ ಈಗ ಇಲ್ಲಿ ಹೇಳಲೇಬೇಕು: ನಮ್ಮೂರ ಶಾಲೆ ತುಂಬಿತ್ತು. ಹತ್ತಿಗೆ ಬೆಲೆಯಿಲ್ಲದ, ಕೂಲಿಗೆ ಕರೆಯುವವರಿಲ್ಲದ ಮುಂದಿನ ಒಂದೆರಡು ವರ್ಷ ಮಕ್ಕಳು ಶಾಲೆಯಲ್ಲಿದ್ದರು. ಮಧ್ಯಾಹ್ನ ಕೊಡುತ್ತಿದ್ದ ಉಪ್ಪಿಟ್ಟು ಕೂಡ ಕಾರಣವಿರಬೇಕು. ಮನೆಯಲ್ಲಿ ಕಷ್ಟ ಇದ್ದಾಗ ಶಾಲೆ ತುಂಬುವುದು, ಮನೆಗೆ ದುಡ್ಡು ಬಂದಾಗ ಬರಿದಾಗುವುದು ಕೇಳಲು ತಲೆಕೆಳಗಾದ ಮಾತು. ಆದರೆ ನಾನು ಕಂಡದ್ದು ಅದೇ.

ದುಡ್ಡಿನ ಹಿಂದೆಯೇ ಶಾಲೆ ಹೋದ ಊರನ್ನೂ ನೋಡಲೆಂದು, ನಿವೃತ್ತನಾದ ಮೇಲೆ ಒಮ್ಮೆ ಕಬ್ಬಿಣದ ಗಣಿಯ ಊರಾದ ಕುದುರೆಮುಖಕ್ಕೂ ಹೋಗಿದ್ದೆ. ಎಣ್ಣೆ ದುಡ್ಡಿನ ಮೇಲೆ ಎದ್ದ ಊರು ಅದು. ಇರಾನಿನ ಷಾ ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂದು ಸಾಲ ಕೊಟ್ಟು ಮಾಡಿಸಿಕೊಂಡ ಒಪ್ಪಂದದಿಂದ 1976ರಲ್ಲಿ ಅಲ್ಲಿಯ ಗಣಿ ಕಂಪನಿ ಹುಟ್ಟಿತು. 1979ರ ಕ್ರಾಂತಿಯಲ್ಲಿ ಷಾ ಓಡಿಹೋದ, ಇರಾನ್ ಅದಿರು ಕೊಳ್ಳಲಿಲ್ಲ. ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಗಣಿ ನಡೆಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಲ್ಲಿ ಕ್ವಾರ್ಟರ್ಸುಗಳ ಸಾಲು, ಆಟದ ಬಯಲು, ಶಾಲೆಯ ಮೆಟ್ಟಿಲುಗಳನ್ನು ಪಾಚಿ ನುಂಗುತ್ತಿದೆ. ಕೆಜಿಎಫ್‌ನ ಕಥೆಯೂ ಇದೇ, ಅಲ್ಲಿ ಗಣಿ 2001ರಲ್ಲಿ ಮುಚ್ಚಿತು. ಅಂಥ ಊರುಗಳಲ್ಲಿ ಲೆಕ್ಕ ಸರಳ. ಗಣಿ ಇದ್ದಷ್ಟು ದಿನ ತಂದೆ ಒಳಗೆ ದುಡಿದ, ಮಗು ಹೊರಗೆ ಓದಿತು. ಗಣಿ ಮುಚ್ಚಿದಾಗ ಇಬ್ಬರೂ ಗಂಟು ಕಟ್ಟಿದರು. ಶಾಲೆ ಸತ್ತ ದಿನಾಂಕವನ್ನು ಅಲ್ಲಿ ಹೇಳಬಹುದು. ನಮ್ಮಲ್ಲಿ ಹೇಳಲು ಬರುವುದಿಲ್ಲ. ಯಾಕೆಂದರೆ ಇಲ್ಲಿ ಊರು ಖಾಲಿಯಾಗಲಿಲ್ಲ, ಎರೆ ಎಲ್ಲೂ ಹೋಗಲಿಲ್ಲ. 2002ರಲ್ಲಿ ಬಿಟಿ ಹತ್ತಿ ಬಂದು ಕೆಲವು ವರ್ಷ ಮತ್ತೆ ಆಸೆ ತೋರಿಸಿತು, ಆಮೇಲೆ ಗುಲಾಬಿ ಕಾಯಿಕೊರಕ ಬಂತು. ಈಗ ಹೆಸರು, ಕಡಲೆ, ಗೋವಿನಜೋಳ, ಉಳ್ಳಾಗಡ್ಡಿ. ಜನ ಇದ್ದಾರೆ, ಮಕ್ಕಳಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಹಳೇ ಸಾಲಿಯ ಮುಂದೆ ಹಳದಿ ವ್ಯಾನು ನಿಲ್ಲುತ್ತದೆ, ಟೈ ಕಟ್ಟಿಕೊಂಡ ಮಕ್ಕಳು ಹತ್ತಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ.

ಹೀಗೆ ಊರಲ್ಲಿ ಮಕ್ಕಳಿದ್ದೂ ಖಾಲಿಯಾದ ಶಾಲೆಯನ್ನು ಸರಿಯಾಗಿ ನೋಡಬೇಕಾದರೆ ಎರೆ ದಾಟಿ ಕಲಘಟಗಿಯ ಮಸಾರಿಗೆ, ಕಾಡಂಚಿನ ಊರುಗಳಿಗೆ ಹೋಗಬೇಕು. ಅಲ್ಲಿ ಒಂದು ಕಿರಿಯ ಪ್ರಾಥಮಿಕ ಶಾಲೆ, ಕಟ್ಟಡಕ್ಕೆ ಏನೂ ಆಗಿಲ್ಲ. ಬೀಗ ಮಾತ್ರ ತುಕ್ಕು ಹಿಡಿದಿದೆ. ದಾಖಲಾತಿ ಸೊನ್ನೆಯಾಗಿ ಪಕ್ಕದ ಊರಿನ ಶಾಲೆಯೊಳಗೆ ವಿಲೀನವಾಯಿತು. ಕಿಟಕಿಯಿಂದ ಇಣುಕಿದರೆ ಆಟ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಕೋಣೆ ಇದ್ದ ಹಾಗೇ ಇದೆ. ತಲೆಯ ಮೇಲೆ ಅಡ್ಡ-ಉದ್ದ ಕಟ್ಟಿದ ದಾರದ ಚಪ್ಪರ, ಅದರಿಂದ ನೇತಾಡುವ ಹಕ್ಕಿ, ಮೀನು, ಹೂವಿನ ಕಾಗದಗಳು. ಗೋಡೆಯ ಮೇಲೆ ಕಲಿಕಾ ಏಣಿ, ಕನ್ನಡಕ್ಕೊಂದು ಗಣಿತಕ್ಕೊಂದು. ಮಗುವಿನ ಕೈಗೆಟುಕುವ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಬಳಿದ ಕಪ್ಪು ಪಟ್ಟಿ. ಅದರ ಮೇಲೆ ಯಾರೋ 'ರ ಗ ಸ ದ ಅ' ಬರೆದದ್ದು ಉಳಿದಿದೆ, 'ಗ'ದ ಹೊಟ್ಟೆ ತಿರುವುಮುರುವಾಗಿದೆ. ನಲಿ-ಕಲಿಯಲ್ಲಿ ಅಕ್ಷರ ಆರಂಭವಾಗುವುದು ಆ ಕ್ರಮದಲ್ಲಿ. ನಾನು ಅದೇ ಕಾರ್ಡುಗಳನ್ನು ಹಿಡಿದು ಎಷ್ಟೋ ವರ್ಷ ನೆಲದ ಮೇಲೆ ಕೂತವನು. ಆ ಕೋಣೆಯನ್ನು ನೋಡುವಾಗ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು. ಕಲಿಸುವುದು ಹೇಗೆಂದು ನಾವು ಕೊನೆಗೂ ಕಲಿತ ಹೊತ್ತಿಗೆ ಮಕ್ಕಳು ಹೋಗಿದ್ದರು.

ಹಾಗಂತ ವ್ಯಾನು ಹತ್ತಿದ ಮಕ್ಕಳನ್ನು ನಾನು ಬಯ್ಯಲಾರೆ. ಅವರು ಎಲ್ಲಿಗೋ ಓದಲು ಹೋಗುತ್ತಿದ್ದಾರೆ. ನನ್ನ ತರಗತಿಯಿಂದ ಹತ್ತಿ ಹೊಲಕ್ಕೆ ಹೋದವರು ಓದಲು ಹೋಗಿರಲಿಲ್ಲ. ಆಗ ಶಾಲೆಯ ಹಂಚು ಗಟ್ಟಿಯಾಗಿತ್ತು, ಸುಣ್ಣ ಹೊಸದಾಗಿತ್ತು, ದಾನಿಗಳ ಕಲ್ಲು ಹೊಳೆಯುತ್ತಿತ್ತು, ಘಂಟೆ ಹೊತ್ತಿಗೆ ಸರಿಯಾಗಿ ಬಾರಿಸುತ್ತಿತ್ತು.

ಕಳೆದ ವರ್ಷ ನಮ್ಮೂರ ಹಳೇ ಸಾಲಿ ಕೆಡವುವ ಮಾತು ಬಂತು. ಇಂಜಿನಿಯರರು ಬಂದು ನೋಡಿ ಬರೆದುಕೊಂಡು ಹೋದರು. ಸಾಗವಾನಿ ತೊಲೆ, ಹಂಚು, ಕಲ್ಲಿನ ಹರಾಜು ಎಷ್ಟಾಗಬಹುದೆಂದು ಊರಲ್ಲಿ ಲೆಕ್ಕ ನಡೆಯಿತು. ಕೆಡವಬಾರದು ಎಂದು ಅರ್ಜಿ ಬರೆದುಕೊಡಲು ಕೆಲವು ಹಿರಿಯರು ನನ್ನನ್ನು ಕೇಳಿದರು. ಅವರ ಅಜ್ಜಂದಿರ ಹೆಸರು ಆ ಕಲ್ಲಿನ ಮೇಲಿದೆ. ಕಲ್ಲನ್ನು ತೆಗೆದು ಹೊಸ ಶಾಲೆಯ ಗೋಡೆಯಲ್ಲಿ ಕೂಡಿಸೋಣ ಎಂದೆ. ಒಪ್ಪಿದರು. ನನಗೆ ಚಿಂತೆ ಇದ್ದದ್ದು ಮೂಲೆಯ ಕೋಣೆಯ ತಗಡಿನ ಟ್ರಂಕಿನದು. ಅದರಲ್ಲಿ ಹಳೆಯ ಜನರಲ್ ರಿಜಿಸ್ಟರುಗಳಿದ್ದವು. ಶಾಲೆಗೆ ಸೇರಿದ ಪ್ರತಿ ಮಗುವಿನ ಹೆಸರು, ಜಾತಿ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ. ಇದು ಎಂದೆಂದಿಗೂ ಕಾಯ್ದಿಡಬೇಕಾದ ದಾಖಲೆ. ಊರಿನಲ್ಲಿ ಹುಟ್ಟಿದ ದಿನಾಂಕದ ಕಾಗದ ಬೇರೆಲ್ಲೂ ಇಲ್ಲದವರಿಗೆ ಇದೊಂದೇ ಸಾಕ್ಷಿ.

ಹೊಸ ಶಾಲೆಯ ಮುಖ್ಯೋಪಾಧ್ಯಾಯಿನಿ, ನಾನು, ಇಬ್ಬರು ಹುಡುಗರು ಸೇರಿ ಟ್ರಂಕನ್ನು ಸಾಗಿಸಿದೆವು. ಒಂದೊಂದೇ ಪುಸ್ತಕ ಒರೆಸಿ ಇಡುವಾಗ ಕೊನೆಯ ಕಾಲಂ ಮೇಲೆ ಕಣ್ಣು ಬಿತ್ತು: 'ಶಾಲೆ ಬಿಟ್ಟ ಕಾರಣ'. ಮಸಿ ಕಂದಿದೆ, ಅಕ್ಷರ ಮಾಸ್ತರಿಂದ ಮಾಸ್ತರಿಗೆ ಬದಲಾಗುತ್ತದೆ, ಕಾರಣ ಬದಲಾಗುವುದಿಲ್ಲ. ಗಂಡುಹುಡುಗರ ಎದುರು 'ಪರಊರಿಗೆ', 'ಮುಲ್ಕಿ ಪಾಸು', ಅಂದರೆ ಏಳನೇತ್ತೆ ಮುಗಿಸಿದ್ದು. ಹೆಣ್ಣುಮಕ್ಕಳ ಎದುರು 'ಸತತ ಗೈರುಹಾಜರಿ', 'ಸತತ ಗೈರುಹಾಜರಿ', ನಡುನಡುವೆ 'ಲಗ್ನ'. ಬಿಟ್ಟ ದಿನಾಂಕಗಳು ಫೆಬ್ರುವರಿ, ಮಾರ್ಚ್, ಏಪ್ರಿಲ್. ವರಲಕ್ಷ್ಮಿಯ ವರ್ಷಗಳಲ್ಲಿ ಪುಟ ತುಂಬ ಅವೇ. ಎಂಬತ್ತೊಂದು, ಎಂಬತ್ತೆರಡರ ಪುಟಗಳು ಮಾತ್ರ ಆ ಕಾಲಂನಲ್ಲಿ ಸ್ವಲ್ಪ ಹಗುರ. ನನ್ನ ನೆನಪಿಗೆ ಅಲ್ಲಿ ಬರಹದ ಆಧಾರ ಸಿಕ್ಕಿತು.

ಅದೇ ತಿಂಗಳು ನನ್ನ ಓರಗೆಯ ಒಬ್ಬ ಹೆಣ್ಣುಮಗಳು ಹೊಸ ಶಾಲೆಗೆ ಬಂದಳು. ವೃದ್ಧಾಪ್ಯ ವೇತನದ ಅರ್ಜಿಗೆ ವಯಸ್ಸಿನ ದಾಖಲೆ ಬೇಕಿತ್ತು. ಹೆಸರು ಹುಡುಕಿ ಕೊಡಲು ನಾನೇ ಕೂತೆ. ಎರಡನೇತ್ತೆಗೆ ಹೆಸರು ತೆಗೆದಿದ್ದರು. ಹುಟ್ಟಿದ ದಿನ ಓದಿದೆ, ತಲೆಯಾಡಿಸಿದಳು. ಪುಸ್ತಕ ಮುಚ್ಚುವ ಮೊದಲು, "ಸಾಲಿ ಯಾಕ ಬಿಟ್ಟೆ ಅಂತ ಬರದಾರೇನು?" ಎಂದು ಕೇಳಿದಳು. ಗೈರುಹಾಜರಿ ಎಂದಿದೆ ಎಂದೆ. "ಹೊಲದಾಗ ಹಾಜರ ಇದ್ನೆಲ್ಲ. ದಿನಾ. ಅದನ್ನ ಯಾರೂ ಬರಕೊಳ್ಳಲಿಲ್ಲೇನು?" ಅಂದಳು, ಸಿಟ್ಟಿಲ್ಲದೆ, ಒಂದು ಲೆಕ್ಕ ತಪ್ಪಾದದ್ದನ್ನು ತೋರಿಸುವಂತೆ.

ಜನರಲ್ ರಿಜಿಸ್ಟರಿನ ಹಳೆಯ ಬರಹವನ್ನು ಮೇಲಧಿಕಾರಿಗಳ ಆದೇಶವಿಲ್ಲದೆ ತಿದ್ದುವ ಹಾಗಿಲ್ಲ. ಕಾರಣದ ಕಾಲಂ ತಿದ್ದಿಸಲು ಯಾರೂ ಅರ್ಜಿ ಕೊಡುವುದೂ ಇಲ್ಲ, ಅದರಿಂದ ಯಾವ ವೇತನವೂ ಸಿಗುವುದಿಲ್ಲ. ಹಳೇ ಸಾಲಿ ಈ ಬ್ಯಾಸಗಿಯಲ್ಲಿ ಬೀಳುತ್ತದೆ, ಬೀಳಲಿ. ದಾನಿಗಳ ಕಲ್ಲು ಹೊಸ ಗೋಡೆಗೆ ಹೋಗುತ್ತದೆ, ಹತ್ತಿ ಮಾರಿ ಶಾಲೆ ಕಟ್ಟಿದವರ ಹೆಸರು ಉಳಿಯುತ್ತದೆ. ಆ ಹತ್ತಿಯನ್ನು ಬಿಡಿಸಲು ಶಾಲೆ ಬಿಟ್ಟವರ ಹೆಸರು ಟ್ರಂಕಿನಲ್ಲಿದೆ. ಎರಡನ್ನೂ ಒಂದೇ ಗೋಡೆಯ ಮೇಲೆ ಹಾಕಿಸಬೇಕೆಂದು ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ಕೇಳುವವನಿದ್ದೇನೆ. ಎರಡನೆಯ ಪಟ್ಟಿ ಬಹಳ ಉದ್ದ, ಕಲ್ಲು ದೊಡ್ಡದು ಬೇಕಾಗುತ್ತದೆ, ಖರ್ಚು ಯಾರು ಕೊಡಬೇಕು ಎಂದು ಅಧ್ಯಕ್ಷರು ಈಗಾಗಲೇ ಕೇಳಿದ್ದಾರೆ.